ಪರದೆಯ ಹೊರಗುಳಿದ ಎಡಗೈ

ನಮ್ಮ ಟೀವಿ ವಾಹಿನಿಯಲ್ಲಿ ಕಿವಿ ಕೇಳದವರಿಗಾಗಿ ಸಂಜೆ ಐದಕ್ಕೆ ಒಂದು ವಾರ್ತೆ ಇತ್ತು. ವಾರ್ತೆ ಓದುವವರು ನಡುವೆ ಕೂರುತ್ತಿದ್ದರು. ಪಕ್ಕದ ಪುಟ್ಟ ಚೌಕದಲ್ಲಿ ಒಬ್ಬಳು ನಿಂತು ಅದನ್ನೆಲ್ಲ ಕೈಸನ್ನೆಯಲ್ಲಿ ಹೇಳುತ್ತಿದ್ದಳು. ಅವಳನ್ನು ನಾವು ಎಡಚಿ ಎನ್ನುತ್ತಿದ್ದೆವು. ಎದುರಿಗೇ ಎನ್ನುತ್ತಿದ್ದೆವು, ಅವಳೂ ಓಗೊಡುತ್ತಿದ್ದಳು. ಸೂಜಿಗೆ ದಾರ ಪೋಣಿಸುವುದರಿಂದ ಹಿಡಿದು ಸಹಿ ಹಾಕುವವರೆಗೆ ಎಲ್ಲವೂ ಎಡಗೈಯಲ್ಲೇ. ಸನ್ನೆಯಲ್ಲೂ ಮಾತೆಲ್ಲ ಎಡಗೈಯದು, ಬಲಗೈ ಬರೀ ಹೂಂಗುಟ್ಟುವುದಕ್ಕೆ. ಅವಳ ಮೇಲಿನ ಕ್ಯಾಮೆರಾ ನನ್ನದಾಗಿತ್ತು.

ಈ ವಿದ್ಯೆಯನ್ನು ಅವಳು ಶಾಲೆಯಲ್ಲಿ ಕಲಿತದ್ದಲ್ಲ. ಅವಳ ಅಕ್ಕನಿಗೆ ಹುಟ್ಟಿನಿಂದಲೇ ಕಿವಿ ಕೇಳುವುದಿಲ್ಲ. ಅಮ್ಮ ಅಕ್ಕನನ್ನು ಬೈದರೆ ಆ ಬೈಗುಳವನ್ನು ತಲುಪಿಸುವ ಕೆಲಸ ತಂಗಿಯದು. “ಅರ್ಧ ನುಂಗ್ಬಿಟ್ಟು ಅರ್ಧ ಹೇಳ್ತಿದ್ದೆ ಅಣ್ಣ,” ಎಂದು ನಗುತ್ತಿದ್ದಳು. ಅಕ್ಕ ಊರಿನ ಇನ್ನೊಂದು ತುದಿಯಲ್ಲಿ ಒಂದು ಕೋಣೆ ಹಿಡಿದು, ದರ್ಜಿ ಅಂಗಡಿಯ ಅಂಗಿಗಳಿಗೆ ಗುಂಡಿ ಹೊಲಿದುಕೊಂಡು ಒಬ್ಬಳೇ ಇದ್ದಳು. ಓದು ಅಷ್ಟಕ್ಕಷ್ಟೆ. ಪರದೆಯ ಕೆಳಗೆ ಓಡುವ ಸಾಲನ್ನು ಅವಳು ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಅದು ಮಾಯವಾಗಿರುತ್ತಿತ್ತು. ಊರಿನ ಸುದ್ದಿ ಅವಳಿಗೆ ಮುಟ್ಟುತ್ತಿದ್ದುದು ತಂಗಿಯ ಕೈಯಿಂದ ಮಾತ್ರ.

ಆ ವರ್ಷ ನಮ್ಮಲ್ಲಿ ಚಿತ್ರ ಅಗಲವಾಯಿತು. ಹೊಸ ಕ್ಯಾಮೆರಾ, ಹೊಸ ಮೇಜು, ಗೋಡೆ ತುಂಬ ಹೊಸ ಅಗಲದ ಟೀವಿಗಳು. ಜನರ ಮನೆಗಳಲ್ಲಿದ್ದದ್ದು ಮಾತ್ರ ಹಳೆಯ ಡಬ್ಬಾ ಟೀವಿಗಳೇ. ಅಗಲದ ಚಿತ್ರ ಚೌಕದ ಡಬ್ಬದೊಳಗೆ ಹಿಡಿಸಬೇಕಾದರೆ ಮೇಲೆ ಕೆಳಗೆ ಕಪ್ಪು ಪಟ್ಟಿ ಬರುತ್ತದೆ. ಮೊದಲ ವಾರವೇ ಫೋನಿನ ಮೇಲೆ ಫೋನು. “ನಾವು ತಂದಿರೋದು ಪೂರ್ತಿ ಟೀವಿ ಸ್ವಾಮಿ, ಮುಕ್ಕಾಲಲ್ಲ!” ದೊಡ್ಡ ಸಾಹೇಬರು ಕಪ್ಪು ಪಟ್ಟಿ ತೆಗೆಸಿದರು. ಹಳೆಯ ಟೀವಿಗಳಲ್ಲಿ ಚಿತ್ರ ತುಂಬಿಕೊಂಡು ಕಂಡಿತು, ಆದರೆ ಎಡಬಲಗಳಿಗೆ ಕತ್ತರಿ ಬಿತ್ತು. ಎಡಚಿಯ ಚೌಕವನ್ನು ಆಗಲೇ ಬಲತುದಿಗೆ ತಳ್ಳಿ ಆಗಿತ್ತು. ಅದರ ಬಲ ಅರ್ಧ ಹೋಯಿತು. ಎದುರು ನಿಂತವಳ ಎಡಗೈ ನೋಡುವವರ ಬಲಕ್ಕೆ ತಾನೆ, ಹೋದ ಅರ್ಧದಲ್ಲಿ ಅದೂ ಹೋಯಿತು. ಕಚೇರಿಯಲ್ಲಿ ನಮಗ್ಯಾರಿಗೂ ಗೊತ್ತಾಗಲಿಲ್ಲ. ಇಡೀ ಕಟ್ಟಡದಲ್ಲಿ ಒಂದೇ ಒಂದು ಹಳೆಯ ಟೀವಿ ಉಳಿದಿರಲಿಲ್ಲವಲ್ಲ!

ಗೊತ್ತಾದದ್ದು ಅಕ್ಕನಿಂದ. “ನಿನ್ನ ಎಡಗೈ ಎಲ್ಲಿ ಬಿಟ್ಟು ಬಂದೆ?” ಎಂದು ಕೇಳಿದಳಂತೆ. ಎಡಚಿ ಮರುದಿನವೇ ಸಾಹೇಬರ ಮುಂದೆ ನಿಂತಳು.

“ಸಾರ್, ನನ್ನ ಚೌಕ ಸ್ವಲ್ಪ ಒಳಗೆ ತಗೊಂಡ್ರೆ ಸಾಕು.”

“ಒಳಗೆ ತಗೊಂಡ್ರೆ ಹೊಸ ಮೇಜು ಮುಚ್ಚಿಹೋಗತ್ತಮ್ಮ. ಈಗ ಯಾರ ಮನೇಲಿದೆ ಹಳೇ ಟೀವಿ?”

“ನಮ್ಮಕ್ಕನ ಮನೇಲಿದೆ ಸಾರ್.”

“ಹಾಗಾದ್ರೆ ಅಕ್ಕಂಗೊಂದು ಹೊಸದು ಕೊಡ್ಸಿ.”

ಸುತ್ತಲಿದ್ದವರು ನಕ್ಕರು. ನಾನೂ ನಕ್ಕೆ, ಸುಳ್ಳೇಕೆ ಹೇಳಲಿ.

ಅವಳು ತನ್ನದೇ ದಾರಿ ಹುಡುಕಿದಳು. ಎರಡೂ ಕೈಯನ್ನು ಎದೆಗೆ ಅವಚಿಕೊಂಡು ಚಿಕ್ಕಚಿಕ್ಕದಾಗಿ ಸನ್ನೆ ಮಾಡತೊಡಗಿದಳು. ಹಳೆಯ ಟೀವಿಯವರಿಗೆ ಅಷ್ಟಿಷ್ಟು ಕಂಡಿತು. ಹೊಸ ಟೀವಿಯವರು, ಈಕೆ ಬಾಯೊಳಗೇ ಗೊಣಗುತ್ತಾಳೆ, ಏನೂ ತಿಳಿಯುವುದಿಲ್ಲ ಎಂದು ದೂರು ಬರೆದರು. ಅವಳದು ಮೂರು ತಿಂಗಳಿಗೊಮ್ಮೆ ಕರಾರಿನ ಕಾಗದ ಬದಲಾಗುವ ನೌಕರಿ. ಸಾಹೇಬರು ಕರೆದು ಎಚ್ಚರಿಕೆ ಕೊಟ್ಟ ಮೇಲೆ ಮತ್ತೆ ಮೊದಲಿನಂತೆ ಕೈ ಬಿಚ್ಚಿದಳು. ಆಮೇಲೆ ಅವಳೂ ಆ ಮಾತೆತ್ತಲಿಲ್ಲ, ನಾನೂ ಎತ್ತಲಿಲ್ಲ.

ಎರಡು ತಿಂಗಳಾಗಿತ್ತು. ಒಂದು ದಿನ ಐದಕ್ಕೆ ಹತ್ತು ನಿಮಿಷವಿರುವಾಗ ಸುದ್ದಿ ಬಂತು. ಕಾರ್ಖಾನೆಯೊಂದರ ವಿಷ ಕುಡಿಯುವ ನೀರಿನ ಕೊಳವೆ ಸೇರಿದೆ, ನಲ್ಲಿ ನೀರನ್ನು ಯಾರೂ ಬಾಯಿಗೆ ಹಾಕಬಾರದು, ಕುದಿಸಿದರೂ ಪ್ರಯೋಜನವಿಲ್ಲ. ಎಡಚಿಯ ಮುಖದ ಬಣ್ಣ ಇಳಿಯಿತು. ಸಾಹೇಬರ ಬಳಿಗೆ ಓಡಿದಳು.

“ಸಾರ್, ಇದೊಂದು ಸುದ್ದಿಗೆ ನನ್ನ ಮಧ್ಯಕ್ಕೆ ಹಾಕಿ. ಕೈ ಮುಗೀತೀನಿ.”

“ಕೆಳಗೆ ಅಕ್ಷರ ಓಡತ್ತಲ್ಲಮ್ಮ. ಹೋಗಿ ನಿಂತ್ಕೊಳ್ಳಿ, ಹೊತ್ತಾಯ್ತು.”

ಬಂದು ನಿಂತಳು. ಕೈಯನ್ನು ಎದೆಗೆ ಅವಚಿಕೊಂಡೇ ಶುರು ಮಾಡಿದಳು, ಆದರೆ ಗಾಬರಿಯಲ್ಲಿ ಎಡಗೈ ತಾನಾಗಿ ಬಿಚ್ಚಿಕೊಂಡು ಆಚೆ ಹೋಗುತ್ತಿತ್ತು. ಆ ಒಂದು ಸುದ್ದಿಯನ್ನು ನಾಲ್ಕು ಸಲ ಹೇಳಿದಳು, ಓದುವವರು ಮುಂದಿನದಕ್ಕೆ ಹೋದರೂ ಅದನ್ನೇ ಹೇಳಿದಳು. ನಾನು ಕ್ಯಾಮೆರಾವನ್ನು ಒಂದಿಷ್ಟು ತಿರುಗಿಸಿದ್ದರೆ ಸಾಕಿತ್ತು. ಅವಳ ಬಲಗೈ ಚೌಕದ ಆಚೆ ಹೋಗಿ, ಎಡಗೈ ಎಲ್ಲ ಟೀವಿಗಳಲ್ಲೂ ಕಾಣುತ್ತಿತ್ತು. ಹೊಸ ಟೀವಿಗಳಲ್ಲಿ ಸೊಟ್ಟಗೆ ಕಾಣುತ್ತಿದ್ದಳು, ಅಷ್ಟೇ. ನನ್ನ ಕೈ ಕ್ಯಾಮೆರಾದ ಹಿಡಿಯ ಮೇಲೇ ಇತ್ತು. ತಿರುಗಿಸಲಿಲ್ಲ. ಸಾಹೇಬರನ್ನು ಬೈಯುವಾಗೆಲ್ಲ ಇದು ನೆನಪಾಗಿ ನನ್ನ ಬಾಯಿ ಕಟ್ಟಿಹೋಗುತ್ತದೆ.

ವಾರ್ತೆ ಮುಗಿದ ತಕ್ಷಣ ನನ್ನ ಸ್ಕೂಟರಿನಲ್ಲಿ ಹೊರಟೆವು. ತಲುಪುವಷ್ಟರಲ್ಲಿ ಅಕ್ಕ ಬಚ್ಚಲ ಬಾಗಿಲಲ್ಲಿ ವಾಂತಿ ಮಾಡಿಕೊಂಡು ಬಿದ್ದಿದ್ದಳು. ಪಕ್ಕದ ಮನೆಯಾಕೆ ಕೈ ಕೈ ಹಿಸುಕಿಕೊಂಡಳು. “ತಂಗೀನೇ ಟೀವೀಲಿ ಹೇಳ್ತಾಳಲ್ಲ, ಇವರಿಗೆ ನಮಗಿಂತ ಮೊದ್ಲೇ ಗೊತ್ತಿರತ್ತೆ ಅಂದ್ಕೊಂಡ್ವಿ ಕಣಮ್ಮ.”

ಆಸ್ಪತ್ರೆಯಲ್ಲಿ ಅಕ್ಕ ಕಣ್ಣು ಬಿಟ್ಟದ್ದು ಮೂರನೆಯ ದಿನ. ಜೀವಕ್ಕೆ ಭಯವಿಲ್ಲ, ಮೂತ್ರಪಿಂಡದ ಬಗ್ಗೆ ಈಗಲೇ ಏನೂ ಹೇಳಲಾಗದು ಎಂದಿದ್ದರು ಡಾಕ್ಟರು. ನಾನು ಮಂಚದ ಕಾಲ ಬಳಿ ನಿಂತಿದ್ದೆ. ಎಡಚಿ ಸನ್ನೆಯಲ್ಲಿ ಏನೋ ಕೇಳಿದಳು. ಅವತ್ತು ಟೀವಿ ಹಾಕಿರಲಿಲ್ಲವಾ, ನನ್ನನ್ನು ನೋಡಲಿಲ್ಲವಾ ಎಂದು ಕೇಳಿದ್ದಂತೆ. ಸೂಜಿ ಚುಚ್ಚಿದ್ದ ಕೈಯನ್ನು ಹಾಗೇ ಬಿಟ್ಟು ಅಕ್ಕ ಇನ್ನೊಂದು ಕೈಯಲ್ಲಿ ನಿಧಾನವಾಗಿ ಉತ್ತರ ಕೊಟ್ಟಳು. ಕೆಲಸದ ಅಭ್ಯಾಸವಿರಬೇಕು, ಎಡಚಿ ಅದನ್ನು ನನಗೆ ಗಟ್ಟಿಯಾಗಿ ಹೇಳುತ್ತ ಹೋದಳು.

“ನೋಡ್ದೆ. ನೀನು ಅಷ್ಟು ಹೆದ್ರಿದ್ದನ್ನ ನಾನು ಯಾವತ್ತೂ ಕಂಡಿರ್ಲಿಲ್ಲ. ನಿಂಗೇನೋ ಆಗಿದೆ ಅನ್ನಿಸ್ತು. ನಂಗೆ ಬಾಯಿ ಒಣಗಿಹೋಯ್ತು. ಎದ್ದು ಎರಡು ಲೋಟ ನೀರು ಕುಡ್ದೆ.”