ಬೀಗರ ತಟ್ಟೆಗೆ ಬಡಿಸಿದ್ದು

ಮಗ ಮೆಚ್ಚಿದ ಹುಡುಗಿಯ ಅಪ್ಪ-ಅಮ್ಮನನ್ನು ನಾವು ಮೊದಲು ನೋಡಿದ್ದು ಪರದೇಶದಲ್ಲಿ ನಾವಿರುವ ಯೂನಿಯನ್‌ವಿಲ್ಲಿನ ಒಂದು ಇಟಾಲಿಯನ್ ಹೋಟೆಲಿನಲ್ಲಿ. ಎರಡು ಸಾವಿರದ ಐದೋ ಆರೋ ಇರಬೇಕು, ಚಳಿಗಾಲ. ಅವರು ಓಕ್‌ವಿಲ್‌ನಿಂದ ಅಷ್ಟು ದೂರ ಬಂದಿದ್ದರು, ಕರೆದವರು ನಾವು. ಈ ಮದುವೆ ಕುದುರಿದರೆ ಸಾಕೆಂದು ನನಗೆ ಒಂದೇ ತವಕ. ಕಾರಿನಲ್ಲೇ ಗಂಡನಿಗೆ, "ರೀ, ನೀವು ಪಾಲಿಟಿಕ್ಸ್ ಶುರು ಹಚ್ಕೊಂಡು ನನ್ನ ಮಾನ ಕಳೀಬೇಡಿ" ಎಂದು ತಾಕೀತು ಮಾಡಿದ್ದೆ.

ಅಲ್ಲಿ ಒಬ್ಬೊಬ್ಬರಿಗೆ ಬೇರೆ ಬೇರೆ ಊಟ ತಂದಿಡುವುದಿಲ್ಲ. ಪಾಸ್ತಾ, ಬದನೆಕಾಯಿ, ಬ್ರೆಡ್ಡು ಎಲ್ಲ ದೊಡ್ಡ ದೊಡ್ಡ ತಾಟುಗಳಲ್ಲಿ ಮೇಜಿನ ನಡುವೆ ಬರುತ್ತವೆ. ಬೇಕಾದವರು ಬೇಕಾದಷ್ಟು ಹಾಕಿಕೊಳ್ಳಬೇಕು. ನನಗೋ ಸೌಟು ಕಂಡರೆ ಕೈ ಸುಮ್ಮನಿರುವುದಿಲ್ಲ. ಬೀಗರಾಗುವವರು ತಾವೇ ಬಡಿಸಿಕೊಂಡು ತಿನ್ನುವುದೆಂದರೇನು! ಮೈಸೂರಿನ ನಮ್ಮ ಮನೆಯಲ್ಲಿ ಬೀಗರ ಎಲೆ ಬರಿದಾಗಿ ಕಂಡರೆ ಮನೆಯೊಡತಿಗೇ ಅವಮಾನ. ಸಾಕಾದವರು ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತಾರೆ, ಆಗಲೂ ಇನ್ನೊಂದು ಸೌಟು ಬಿದ್ದೇ ಬೀಳುತ್ತದೆ.

ಹುಡುಗಿಯ ಅಪ್ಪ ಕೈ ಅಡ್ಡ ಹಿಡಿಯಲಿಲ್ಲ. ನಾನು ಹಾಕಿದೆ, ಅವರು ಚೊಕ್ಕಟವಾಗಿ ತಿಂದರು. ಅಯ್ಯೋ ಪಾಪ, ಹಸಿದಿದ್ದಾರೆ ಎಂದು ಮತ್ತೆ ಹಾಕಿದೆ. ಅದನ್ನೂ ಮುಗಿಸಿ "ಥ್ಯಾಂಕ್ ಯೂ" ಎಂದರು. ಎಂಥ ಸೊಗಸಾದ ಮನುಷ್ಯ ಎಂದು ನಾನು ಹಿಗ್ಗಿ ಹೀರೇಕಾಯಿಯಾದೆ.

"ಲೇ, ಸಾಕು ಬಿಡೇ. ಬೆವರ್ತಿದಾರೆ ಕಣೇ," ಗಂಡ ಪಿಸುಗುಟ್ಟಿದರು.

"ನೀವು ಸುಮ್ನಿರಿ. ಖಾರ ಇರ್ಬೇಕು," ಎಂದು ಇನ್ನೊಂದಿಷ್ಟು ಬದನೆಕಾಯಿ ಸುರಿದೆ.

ಅದನ್ನು ತಿಂದವರೇ ಬಾಯಿಗೆ ನ್ಯಾಪ್ಕಿನ್ ಒತ್ತಿಕೊಂಡು ಹೊರಗೋಡಿದರು. ಪಾರ್ಕಿಂಗ್ ಲಾಟಿನ ಹಿಮದ ಗುಡ್ಡೆಯ ಪಕ್ಕ ಬಗ್ಗಿ ವಾಂತಿ ಮಾಡಿಕೊಳ್ಳುತ್ತಿದ್ದುದು ಕಿಟಕಿಯಿಂದ ಇಡೀ ಹೋಟೆಲಿಗೆ ಕಾಣುತ್ತಿತ್ತು. "ಅಮ್ಮಾ, ವೈ ಡಿಡಂಟ್ ಯೂ ಸ್ಟಾಪ್?" ಎಂದು ಮಗ ಹಲ್ಲು ಕಡಿದ.

ಹುಡುಗಿಯ ಅಮ್ಮ ನನ್ನ ಕೈ ಹಿಡಿದು ಮೆಲ್ಲಗೆ ಹೇಳಿದರು. ಹೊಟ್ಟೆಯ ಆಪರೇಷನ್ ಆದಮೇಲೆ ಅವರ ಗಂಡ ಉಣ್ಣುವುದೇ ಒಂದು ಹಿಡಿಯಂತೆ. ಆದರೆ ಬರುವಾಗ ಕಾರಿನಲ್ಲಿ ಮಗಳು ಬೇಡಿಕೊಂಡಿದ್ದಳಂತೆ: ಹುಡುಗನ ಅಮ್ಮ ಏನು ಬಡಿಸಿದರೂ ಬೇಡ ಎನ್ನಬೇಡ ಅಪ್ಪಾ, ನೊಂದುಕೊಳ್ಳುತ್ತಾರೆ. ಹುಡುಗಿ ತಲೆ ತಗ್ಗಿಸಿ ಅಳುತ್ತಿದ್ದಳು.

ಮೊದಲೇ ಹೇಳಬಾರದಿತ್ತೇ ಎಂದು ಸಿಡುಕಬೇಕೆನಿಸಿತು. ಯಾರ ಮೇಲೆ ಸಿಡುಕಲಿ? ಕೈಯಲ್ಲಿದ್ದ ಸೌಟನ್ನು ಎಲ್ಲಿಡಬೇಕೆಂದೇ ತಿಳಿಯಲಿಲ್ಲ.

ಹುಡುಗಿಯ ಅಪ್ಪ ಮುಖ ತೊಳೆದುಕೊಂಡು ಬಂದು ಕುಳಿತರು. ನಾನು ಕ್ಷಮೆ ಕೇಳಲು ಬಾಯಿ ತೆರೆಯುವ ಮೊದಲೇ ಮಗಳತ್ತ ಒಮ್ಮೆ ನೋಡಿ, ಖಾಲಿ ತಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ, ಇನ್ನೂ ಬಡಿಸಿ ಎಂಬಂತೆ ನನ್ನ ಮುಂದೆ ಹಿಡಿದರು.