ಬಲಗಡೆಯ ಗುಂಡಿ

ಯಾಸುಮಿಚಿ ನಿರಾಸಾವಾ ಕಳೆದ ಭಾನುವಾರ ಸಂಜೆ ನಾಲ್ಕಕ್ಕೆ, ಜಪಾನಿನ ಯೊನಾಗೊ ಊರಿನ ತನ್ನ ಅಂಗಡಿಯಲ್ಲೇ ತೀರಿಕೊಂಡ. ಅರವತ್ತೊಂದು ವರ್ಷ. ಹೃದಯ ನಿಂತಿತು. ಪಕ್ಕದಲ್ಲಿದ್ದವನು ಬಾಲ್ಯದ ಗೆಳೆಯ ಮೊರಿಯೊ ಒಬ್ಬನೇ.

ಯಾಸುಮಿಚಿ ಮೂವತ್ತು ವರ್ಷ ವಿಡಿಯೋ ಗೇಮ್ ಯಂತ್ರಗಳನ್ನು ಮಾರಿದ. ಜಪಾನಿನವು ಬಂದ ದಿನವೇ ಖಾಲಿಯಾಗುತ್ತಿದ್ದವು. ಅಮೆರಿಕದ್ದು ಮಾತ್ರ ಕಪಾಟಿನಲ್ಲೇ ಕೂತಿರುತ್ತಿತ್ತು. ಬೇಡ ಎಂದು ಬಾಯಿಬಿಟ್ಟು ಹೇಳಿದವರು ಯಾರೂ ಇಲ್ಲ. ಕೈಯಲ್ಲಿ ಎತ್ತಿ ನೋಡಿ, "ಗಟ್ಟಿಮುಟ್ಟಾಗಿದೆ ಅಲ್ವಾ, ಯೋಚನೆ ಮಾಡ್ತೀನಿ" ಎಂದು ತಲೆಬಾಗಿ ಹೋಗುತ್ತಿದ್ದರು. ಹಾಗೆ ಯೋಚಿಸಲು ಹೋದವರು ಮರಳಿ ಬಂದದ್ದಿಲ್ಲ. ಕೊನೆಗೆ ಅವನೇ ಒಂದನ್ನು ಬಿಚ್ಚಿ ಹಿಂದಿನ ಕೋಣೆಯಲ್ಲಿಟ್ಟುಕೊಂಡ. ಮೊದಮೊದಲು ಅಯ್ಯೋ ಪಾಪ ಎಂಬ ಕನಿಕರ, ಆಮೇಲೆ ಪ್ರೀತಿ.

ಅದರಲ್ಲೊಂದು ದೋಣಿಯಾಟವಿತ್ತು. ಇಬ್ಬರು ಒಂದೇ ದೋಣಿಯಲ್ಲಿ ಕೂತು, ಒಬ್ಬರ ಲಯಕ್ಕೆ ಒಬ್ಬರು ಹುಟ್ಟು ಹಾಕುತ್ತ ನದಿ ಇಳಿಯಬೇಕು. ಊರಿನಲ್ಲಿ ಎರಡನೆಯ ಹುಟ್ಟು ಹಿಡಿಯುವವರು ಸಿಗಲಿಲ್ಲ. ಇಂಟರ್ನೆಟ್ಟಿನಲ್ಲಿ ಬ್ರೆಜಿಲಿನವರು ಸಿಗುತ್ತಿದ್ದರು. "ಅವರ ಜೊತೆ ಮನಸಾರೆ ಜಗಳ ಆಡೋಕಾಗುತ್ತೇನೋ?" ಎನ್ನುತ್ತಿದ್ದ. ಒಂದೇ ಒಂದು ಸಲ ಆ ನದಿಯ ಕೊನೆ ಮುಟ್ಟಬೇಕು, ಅದೂ ಮೊರಿಯೊನ ಜೊತೆ. ಅಷ್ಟೇ ಅವನ ಆಸೆ. ಹದಿನಾರು ವರ್ಷ ಕರೆದ.

ಮೊರಿಯೊ ಮನೆಗಳ ನೆಲಕ್ಕೆ ಹಾಸುವ ತತಾಮಿ ಚಾಪೆ ಹೊಲಿಯುವವನು. "ನಮ್ಮದೇ ಇರುವಾಗ ಆ ಹೊರಗಿನ ಡಬ್ಬ ಯಾಕೋ? ನಿನ್ನ ಮನೇಲಿ ಅಕ್ಕಿ ಮುಗೀತಾ, ಹೊರಗಿನವರ ಹತ್ರ ಬೇಡೋಕೆ?" ಎಂದು ರೇಗಿಸುತ್ತಿದ್ದ. ಈ ಚಳಿಗಾಲದಲ್ಲಿ ವೈದ್ಯರು ಗೆಳೆಯನ ಎದೆಯ ವಿಷಯ ಹೇಳಿದ ಮೇಲೆ ತಾನಾಗಿಯೇ ಬಂದು ಆಟಕ್ಕೆ ಕೂತ.

ಹತ್ತು ನಿಮಿಷ ಚೆನ್ನಾಗಿಯೇ ಸಾಗಿತು. ಆಮೇಲೆ ದೋಣಿ ಮಗುಚಿತು. ಮುಂದುವರಿಯಬೇಕೇ ಎಂದು ಪರದೆ ಕೇಳಿತು. ಮೊರಿಯೊ ಬಲಗಡೆಯ ಗುಂಡಿ ಒತ್ತಿದ. ಜಪಾನಿನ ಯಂತ್ರಗಳಲ್ಲಿ ಪಳಗಿದ ಹೆಬ್ಬೆರಳಿಗೆ 'ಹೌದು' ಇರುವುದು ಅಲ್ಲಿಯೇ. ಈ ಯಂತ್ರದಲ್ಲಿ ಬಲಗಡೆಯದು 'ಬೇಡ'. 'ಹೌದು' ಅನ್ನಲು ಕೆಳಗಿನದನ್ನು ಒತ್ತಬೇಕು. ಆಟ ಮುಗಿದೇಹೋಯಿತು. ಮತ್ತೆ ಆಡಿದರು, ಮತ್ತೆ ಅದೇ ತಪ್ಪು. ಐದು ಸಲ.

"ಕೆಳಗೆ ಅಂದೆನಲ್ಲೋ, ಕತ್ತೆ!"

"ನನ್ನ ಹೆಬ್ಬೆರಳಿಗೆ ನಿನ್ನ ಅಮೆರಿಕ ಗೊತ್ತಿಲ್ಲ ಕಣೋ! ಈ ಊರಲ್ಲಿ ಒಬ್ಬರಿಗೂ ಬೇಡವಾದದ್ದನ್ನ ನೀನೊಬ್ಬ ತಲೆ ಮೇಲೆ ಹೊತ್ಕೊಂಡಿದೀಯ. ಎಸಿ ಆಚೆ!"

ಹಾಗಂದು ಎದ್ದುಹೋದ ಮೊರಿಯೊ ಮೂರು ವಾರ ಅತ್ತ ಸುಳಿಯಲಿಲ್ಲ.

ಭಾನುವಾರ ಯಾಸುಮಿಚಿಯೇ ಫೋನು ಮಾಡಿದ. "ಬಾರೋ. ಯಂತ್ರಕ್ಕೆ ಬುದ್ಧಿ ಹೇಳಿದೀನಿ."

ಗುಂಡಿಗಳನ್ನು ಅದಲುಬದಲು ಮಾಡಿಟ್ಟಿದ್ದ. ಬಲಗಡೆಯದು 'ಹೌದು' ಆಗಿತ್ತು. ತಪ್ಪುವ ಸರದಿ ಈಗ ಅವನದು. ಹದಿನಾರು ವರ್ಷ ಹೊರಗಿನ ರೂಢಿಗೆ ಒಗ್ಗಿದ ಬೆರಳು ತಾನಾಗಿ ಕೆಳಗೇ ಹೋಗುತ್ತಿತ್ತು. ಎರಡು ಸಲ ಅವನೇ ಆಟ ಕೆಡಿಸಿದ.

"ಈಗ ಯಾರೋ ಕತ್ತೆ?" ಎಂದ ಮೊರಿಯೊ.

"ನಾನೇ ಕಣೋ. ಫಾರಿನ್ ಕತ್ತೆ." ನಗಲು ಹೋಗಿ ಕೆಮ್ಮಿದ.

ಮೂರನೆಯ ಸಲ ಅರ್ಧ ನದಿ ದಾಟಿದ್ದರು. ಬಂಡೆಗೆ ತಗುಲಿ ದೋಣಿ ಮಗುಚಿತು. ಮುಂದುವರಿಯಬೇಕೇ? ಮೊರಿಯೊ ಕೈ ಎತ್ತುವಷ್ಟರಲ್ಲಿ, "ತಾಳು, ಈ ಸಲ ನಾನೇ" ಎಂದ ಯಾಸುಮಿಚಿ. ಕನ್ನಡಕ ಸರಿಮಾಡಿಕೊಂಡು ತನ್ನ ಹೆಬ್ಬೆರಳನ್ನೇ ನೋಡಿದ. ಕೆಳಗಿನ ಗುಂಡಿಯ ಮೇಲಿದ್ದ ಅದನ್ನು ಎತ್ತಿ, ನಿಧಾನವಾಗಿ ಬಲಗಡೆಗೆ ಒಯ್ದು, ಒತ್ತಿದ. ದೋಣಿ ಮತ್ತೆ ನೀರಿಗಿಳಿದಾಗ ಗಡಿಯಾರದಲ್ಲಿ ನಾಲ್ಕಾಗುತ್ತಿತ್ತು.