ಸಾವಕ್ಕನ ಕಾಮಣಿ ಔಷಧ

ಬನಹಟ್ಟಿಯ ನೇಕಾರರ ಓಣಿಯಲ್ಲಿ ಸಾವಕ್ಕ ನಲವತ್ತು ವರ್ಷ ಕಾಮಣಿಗೆ, ಎಂದರೆ ಕಾಮಾಲೆಗೆ, ಔಷಧ ಕೊಟ್ಟವಳು. ಗುರುವಾರ ಮುಂಜಾನೆ ಕಣ್ಣು ಹಳದಿಯಾದವರೆಲ್ಲ ಅವಳ ಮನೆಯ ಕಟ್ಟೆಗೆ ಬಂದು ಕೂರಬೇಕು. ಒಂದು ಸೊಪ್ಪು ಅರೆದು ಮಜ್ಜಿಗೆಯಲ್ಲಿ ಕುಡಿಸುವುದು, ಹದಿನೈದು ದಿನ ಎಣ್ಣಿ ಖಾರ ಮುಟ್ಟದಂತೆ ಪಥ್ಯ ಹೇಳುವುದು, ಇಷ್ಟೇ. ರೊಕ್ಕ ಮುಟ್ಟುತ್ತಿರಲಿಲ್ಲ. ಬೈಗಳು ಮಾತ್ರ ಧಾರಾಳ.

ಮೊಮ್ಮಗಳು ನೇತ್ರಾ ಯುನಿವರ್ಸಿಟಿಯಲ್ಲಿ ಎಂ.ಫಾರ್ಮಾ ಸೇರಿದಳು. ಯಾವ ಔಷಧ ಮೈಯೊಳಗೆ ಏನು ಮಾಡುತ್ತದೆ, ಎಷ್ಟಾದರೆ ವಿಷವಾಗುತ್ತದೆ ಎಂದು ಹೇಳುವ ವಿದ್ಯೆ. ಎರಡನೇ ವರ್ಷ ಸಂಶೋಧನೆಗೆ ಆಯಿಯ ಸೊಪ್ಪನ್ನೇ ಆರಿಸಿಕೊಂಡಳು. ಸಾವಕ್ಕ ಉಬ್ಬಿಹೋದಳು. ನಲವತ್ತು ವರ್ಷದ ಹೆಸರಿಗೆ ಈಗ ಸರಕಾರದ ಶಿಕ್ಕಾ ಬೀಳುತ್ತದಲ್ಲ! ತಾನೇ ಹೊಲದ ಬದುವಿಗೆ ಹೋಗಿ ಒಂದು ಚೀಲ ಸೊಪ್ಪು ಹರಿದು ತಂದಳು.

"ಇಲಿಗೆ ಕೊಟ್ಟು ನೋಡಾಕ ಮೊದ್ಲ ಕಮಿಟಿ ಒಪ್ಪಿಗಿ ಬೇಕ, ಆಯಿ" ಎಂದಳು ನೇತ್ರಾ.

"ಕಮಿಟಿ? ಮಂದಿಗೆ ಕುಡಿಸಾಕ ನನ್ನ ಯಾವ ಕಮಿಟಿನೂ ಕೇಳಲಿಲ್ಲ. ಇಲಿಗೆ ಏನಬೇ ಇಷ್ಟು ದೊಡ್ಡಸ್ತಿಕಿ?"

ಕೇಳಬೇಕಾದ ಪ್ರಶ್ನೆಯೇ. ಕೇಳಿದವಳಿಗೇ ಅದರ ತೂಕ ತಿಳಿಯಲಿಲ್ಲ, ಅಷ್ಟೇ.

ಏಳು ತಿಂಗಳಿಗೆ ಫಲಿತಾಂಶ ಬಂತು. ರೊಟ್ಟಿ ಬಡಿಯುತ್ತಿದ್ದ ಆಯಿಯ ಮಗ್ಗುಲಿಗೆ ಕೂತು ನೇತ್ರಾ ಮೆಲ್ಲಗೆ ಹೇಳಿದಳು: "ಇಲಿಗೆ ಕಾಮಣಿ ಬರಿಸಿ ನೋಡಿದ್ವಿ. ಸ್ವಲ್ಪ ಸೊಪ್ಪು ಕುಡಿದ ಇಲಿಗೂ ಬರೇ ನೀರು ಕುಡಿದ ಇಲಿಗೂ ಏನೂ ಫರಕ ಇಲ್ಲ, ಆಯಿ. ಜಾಸ್ತಿ ಕುಡಿದ ಇಲಿಗಳ ಲಿವರ್ ಕೆಟ್ಟಾವ."

ಬಡಿಯುವ ಕೈ ನಿಂತಿತು.

"ನಿನ್ನ ಇಲಿ ಪಥ್ಯ ಮಾಡಿದ್ವೇನ?"

"ಇಲ್ಲ."

"ಮತ್ತ! ಪಥ್ಯ ಮಾಡದವರಿಗೆ ನನ್ನ ಔಷಧ ಯಾವಾಗ ಹತ್ತೇತಿ?"

ನೇತ್ರಾ ನಗಲಿಲ್ಲ. "ಕಾಮಣಿ ಭಾಳ ಮಂದಿಗೆ ತಾನ ಇಳೀತೈತಿ, ಆಯಿ. ಇಳೀಲಾರದವರು ಏನಾದ್ರು?"

ಇಳಿಯದವರು! ಮರು ಗುರುವಾರ ಬಾರದವರನ್ನೆಲ್ಲ ಸಾವಕ್ಕ ಆರಾಮಾದವರು ಎಂದೇ ತಿಳಿದಿದ್ದಳು. ಬಾರದೆ ಇರಲು ಬೇರೆ ಕಾರಣವೂ ಇರುತ್ತದೆಂದು ಒಲೆಯ ಮುಂದೆ ಕೂತ ಆ ಗಳಿಗೆ ಹೊಳೆಯಿತು. ಹಂಚಿನ ಮೇಲಿನ ರೊಟ್ಟಿ ಕರಕಾಯಿತು.

ಮುಂದಿನ ಗುರುವಾರ ಚಿಕ್ಕಪಡಸಲಗಿಯ ಹುಲೆಪ್ಪ ಬೈಕಿನಲ್ಲಿ ಬಂದ. ಕಣ್ಣು ಅರಿಷಿಣದ ಕೊಂಬು.

"ದವಾಖಾನಿಗೆ ಹೋಗಿ ರಕ್ತಾ ತೋರ್ಸಪಾ" ಎಂದಳು ಸಾವಕ್ಕ.

"ನಿನ್ನ ಕೈಗುಣ ನಂಬಿ ಬಂದೇನಿ, ಯವ್ವಾ."

"ನನ್ನ ಕೈಗುಣಾನ ಇಲಿ ತಿಂದಾವ. ನಡಿ."

"ಮೊಮ್ಮಗಳು ಕಲಿತ್ಲು, ಮುದುಕಿಗೆ ಸೊಕ್ಕು ಬಂತು" ಎಂದು ಗೊಣಗುತ್ತ ಹುಲೆಪ್ಪ ಗಾಡಿಗೆ ಕಿಕ್ ಹೊಡೆದ. ಬೀಳಗಿ ಕಡೆ ಇದೇ ಸೊಪ್ಪನ್ನು ಎರಡು ಪಟ್ಟು ಕುಡಿಸುವವನಿದ್ದಾನಂತೆ, ಅಲ್ಲಿಗೇ ಹೋಗುತ್ತೇನೆಂದ. ಎರಡು ಪಟ್ಟು! ಸಾವಕ್ಕ ಸೀರೆ ಎತ್ತಿ ಕಟ್ಟಿ ಹಿಂದಿನ ಸೀಟು ಏರಿಯೇಬಿಟ್ಟಳು. "ದವಾಖಾನಿಗೆ ಹೊಡಿ. ಬೀಳಗಿ ಕಡೆ ಹೊಳ್ಳಿಸಿದ್ರ ಚಿವಟಿ ಕೆಡವತೇನಿ ನೋಡು."

ದವಾಖಾನೆಯಲ್ಲಿ ಹುಲೆಪ್ಪನನ್ನು ರಕ್ತ ತಪಾಸಣೆಗೆ ತಳ್ಳಿ ಬೆಂಚಿನ ಮೇಲೆ ಕೂತಳು. ಪಾಳಿಯಲ್ಲಿದ್ದ ಹಳದಿ ಕಣ್ಣಿನವರು ಗುರುತು ಹಿಡಿದರು. "ಸಾವಕ್ಕ ಇಲ್ಲೇ ಬಂದಾಳ!" ಎಂದು ತಪಾಸಣೆಯ ಚೀಟಿ ಕಿಸೆಗೆ ತುರುಕಿಕೊಂಡು, ಪಾಳಿ ಬಿಟ್ಟು, ಒಬ್ಬೊಬ್ಬರಾಗಿ ಬಂದು ಅವಳ ಮುಂದೆ ಸಾಲಾಗಿ ಕೂತರು.